ಬೇರೆ ಧರ್ಮದವರು ದೇವಸ್ಥಾನಕ್ಕೆ ಹೋಗುವಾಗ: ಹೊರಬಾಗಿಲಿನಿಂದ ಗರ್ಭಗುಡಿಯ ಎದುರಿನವರೆಗೆ

ದೇವಸ್ಥಾನದ ಒಳಗೆ ಏನಿರುತ್ತದೆ, ಏನು ನಡೆಯುತ್ತದೆ ಎಂದು ನೋಡುವ ಆಸೆಯಿದ್ದೂ ಗೋಪುರವನ್ನಷ್ಟೇ ನೋಡಿ ವಾಪಸಾಗುವವರು ಬಹಳ ಮಂದಿ. ಅವರಲ್ಲಿ ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ, ಯಾವ ಧರ್ಮವನ್ನೂ ಪಾಲಿಸದವರೂ ಇದ್ದಾರೆ. ಅವರನ್ನು ತಡೆಯುವುದು ಹೆಚ್ಚಾಗಿ ಒಂದೇ ಅಳುಕು. ಒಳಗೆ ಹೋದ ಮೇಲೆ ಯಾರಾದರೂ ಕೈಗೆ ಏನಾದರೂ ಹಾಕಿದರೆ? ತೆಗೆದುಕೊಂಡರೆ ನನ್ನ ಧರ್ಮಕ್ಕೆ ತಪ್ಪಾದೀತು, ಬೇಡ ಎಂದರೆ ಅವರಿಗೆ ನೋವಾದೀತು.

ಇದಕ್ಕೆ ಪರಿಹಾರ ಮನೆಯಲ್ಲೇ ಇದೆ. ದೇವಸ್ಥಾನದಲ್ಲಿ ನಿಮ್ಮ ಮುಂದೆ ಬರುವುದು ಕೆಲವೇ ಸಂಗತಿಗಳು: ಮಂಗಳಾರತಿ, ತೀರ್ಥ, ಹಣೆಗೆ ಹಚ್ಚುವ ಕುಂಕುಮ ಅಥವಾ ಗಂಧ ಅಥವಾ ವಿಭೂತಿ, ವೈಷ್ಣವ ದೇವಾಲಯವಾದರೆ ತಲೆಯ ಮೇಲೆ ಇಡುವ ಶಠಾರಿ, ಕೊನೆಗೆ ಪ್ರಸಾದ ಮತ್ತು ಊಟ. ಇವುಗಳಲ್ಲಿ ಯಾವುದು ನಿಮಗೆ ಸರಿ, ಯಾವುದು ಬೇಡ ಎಂದು ಹೊರಡುವ ಮೊದಲೇ ತೀರ್ಮಾನಿಸಿಕೊಳ್ಳಿ. ಎಲ್ಲವನ್ನೂ ತೆಗೆದುಕೊಳ್ಳಬಹುದು, ಒಂದೆರಡನ್ನು ತೆಗೆದುಕೊಳ್ಳಬಹುದು, ಯಾವುದನ್ನೂ ತೆಗೆದುಕೊಳ್ಳದೆ ಕೈಕಟ್ಟಿ ನಿಂತು ನೋಡಿ ಬರಲೂಬಹುದು. ಕೈ ಚಾಚುವ ಮೊದಲು ಬೇಡ ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಕೈಗೆ ಬಿದ್ದದ್ದನ್ನು ನೆಲಕ್ಕೆ ಚೆಲ್ಲಿದರೆ ಮಾತ್ರ ನಿಜವಾಗಿ ನೋವಾಗುತ್ತದೆ.

ಪ್ರವೇಶ ಇದೆಯೇ?

ಹೆಚ್ಚಿನ ದೇವಸ್ಥಾನಗಳಲ್ಲಿ ಬಾಗಿಲಲ್ಲಿ ನಿಂತು ಯಾರೂ ಧರ್ಮ ಕೇಳುವುದಿಲ್ಲ. ಆದರೆ ಹಿಂದೂಗಳಿಗೆ ಮಾತ್ರ ಪ್ರವೇಶವಿರುವ ಕೆಲವು ದೊಡ್ಡ ಕ್ಷೇತ್ರಗಳಿವೆ. ಪುರಿಯ ಜಗನ್ನಾಥ, ಕೇರಳದ ಗುರುವಾಯೂರು, ತಿರುವನಂತಪುರದ ಪದ್ಮನಾಭಸ್ವಾಮಿ, ಕಠ್ಮಂಡುವಿನ ಪಶುಪತಿನಾಥ ಇವುಗಳಲ್ಲಿ ಮುಖ್ಯವಾದವು. ಮದುರೈ ಮೀನಾಕ್ಷಿಯಂಥ ಕಡೆ ನಡುದಾರಿಯ ಕ್ರಮವಿದೆ. ಪ್ರಾಕಾರದಲ್ಲಿ, ಅಂದರೆ ಗುಡಿಯ ಸುತ್ತಲಿನ ಆವರಣದಲ್ಲಿ ಓಡಾಡಬಹುದು, ಒಂದು ಹಂತದಿಂದ ಮುಂದೆ, ದೇವರ ಸನ್ನಿಧಿಗೆ ಮಾತ್ರ ಬಿಡುವುದಿಲ್ಲ. ತಮಿಳುನಾಡಿನಲ್ಲಿ ಈ ಗಡಿ ಹೆಚ್ಚಾಗಿ ಧ್ವಜಸ್ತಂಭ, ಅಂದರೆ ದೇವರ ಎದುರಿನ ಎತ್ತರದ ಕಂಬ. ಅದರ ಪಕ್ಕದಲ್ಲೇ ಫಲಕ ಇರುತ್ತದೆ, ಓದಿ ಮುಂದುವರಿಯಿರಿ.

ತಿರುಮಲದ ಕ್ರಮ ಬೇರೆ. ಅಲ್ಲಿ ಅನ್ಯಧರ್ಮದವರು ತಮಗೆ ವೆಂಕಟೇಶ್ವರನಲ್ಲಿ ನಂಬಿಕೆಯಿದೆ ಎಂಬ ಘೋಷಣಾ ಪತ್ರಕ್ಕೆ ಸಹಿ ಹಾಕಿ ದರ್ಶನಕ್ಕೆ ಹೋಗಬೇಕು. ಬರೀ ಕುತೂಹಲಕ್ಕೆ ಬಂದವರು ಆ ಸಹಿ ಹಾಕಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಅದು ಟಿಕೆಟ್ಟಿನ ಹಿಂದಿನ ಷರತ್ತಲ್ಲ, ನಂಬಿಕೆಯ ಮಾತು. ಹಾಗೆಯೇ ಪ್ರವೇಶವಿಲ್ಲದ ಕಡೆ ಹಣೆಗೆ ಕುಂಕುಮ ಇಟ್ಟುಕೊಂಡು, ಹೆಸರು ಬದಲಿಸಿ ಹೇಳಿ ನುಸುಳುವುದೂ ಬೇಡ. ಸಿಕ್ಕಿಬಿದ್ದರೆ ನಿಮಗಷ್ಟೇ ಅವಮಾನವಲ್ಲ. ಕೆಲವು ಕಡೆ ಬಾಗಿಲು ಹಾಕಿ, ಶುದ್ಧಿ ಮಾಡಿ, ಪೂಜೆಯನ್ನು ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ಅಷ್ಟು ಹೊತ್ತು ಸಾಲಿನಲ್ಲಿರುವವರೆಲ್ಲ ಕಾಯಬೇಕು.

ಒಳಗೆ ಬಿಡದ ಕಡೆಯಲ್ಲೂ ನೋಡಲು ದಾರಿಗಳಿವೆ. ಪುರಿಯಲ್ಲಿ ಆಷಾಢ ಮಾಸದ ರಥಯಾತ್ರೆಗೆ ದೇವರೇ ಬೀದಿಗೆ ಬರುತ್ತಾನೆ, ಅಲ್ಲಿ ಯಾರ ಧರ್ಮವನ್ನೂ ಕೇಳುವುದಿಲ್ಲ. ಭುವನೇಶ್ವರದ ಲಿಂಗರಾಜ ದೇವಾಲಯದಲ್ಲಿ ಹೊರಗೋಡೆಗೆ ಹೊಂದಿಕೊಂಡಂತೆ ಒಂದು ಕಟ್ಟೆಯಿದೆ, ಅದನ್ನು ಹತ್ತಿದರೆ ಒಳಗಿನ ಆವರಣವೆಲ್ಲ ಕಾಣುತ್ತದೆ. ಪಶುಪತಿನಾಥವನ್ನು ಬಾಗ್ಮತಿ ನದಿಯ ಪೂರ್ವದ ದಡದಿಂದ ನೋಡಬಹುದು.

ಇದಕ್ಕೆ ವಿರುದ್ಧವಾದ ಉದಾಹರಣೆಗಳೂ ಇವೆ. ಶಬರಿಮಲೆಗೆ ಯಾವ ಧರ್ಮದವರೂ ಹೋಗಬಹುದು. ಆದರೆ ಹದಿನೆಂಟು ಮೆಟ್ಟಿಲು ಹತ್ತಬೇಕಾದರೆ ತಲೆಯ ಮೇಲೆ ಇರುಮುಡಿ, ಅಂದರೆ ಪೂಜಾಸಾಮಗ್ರಿಯ ಗಂಟು, ಇರಲೇಬೇಕು. ಧರ್ಮಸ್ಥಳದಲ್ಲಂತೂ ಒಂದೇ ಕ್ಷೇತ್ರದಲ್ಲಿ ಮೂರು ಪರಂಪರೆಗಳು ಸೇರಿವೆ: ದೇವರು ಮಂಜುನಾಥ, ಅಂದರೆ ಶಿವ, ಪೂಜೆ ಮಾಡುವವರು ವೈಷ್ಣವರು, ಧರ್ಮಾಧಿಕಾರಿಗಳು ಜೈನರು.

ಮೊದಲ ಪಾಠಕ್ಕೆ ಪೂಜೆಯಿಲ್ಲದ ಗುಡಿ

ಮೊದಲ ಸಲವೇ ಜನಜಂಗುಳಿಯ ಕ್ಷೇತ್ರಕ್ಕೆ ಹೋದರೆ ಏನೂ ಕಾಣುವುದಿಲ್ಲ, ಬರೀ ಬೆನ್ನುಗಳು ಕಾಣುತ್ತವೆ. ಪೂಜೆ ನಿಂತುಹೋದ ಒಂದು ಹಳೆಯ ದೇವಾಲಯದಲ್ಲಿ ಕಟ್ಟಡದ ವಿನ್ಯಾಸ ಕಲಿತು, ಆಮೇಲೆ ಪೂಜೆ ನಡೆಯುವ ದೇವಾಲಯಕ್ಕೆ ಹೋಗುವುದು ಒಳ್ಳೆಯದು. ಸೋಮನಾಥಪುರದ ಕೇಶವ ದೇವಾಲಯ ಇದಕ್ಕೆ ಹೇಳಿ ಮಾಡಿಸಿದಂತಿದೆ. ಹೊಯ್ಸಳರ ದಂಡನಾಯಕ ಸೋಮನಾಥ 1258ರಲ್ಲಿ ಕಟ್ಟಿಸಿದ್ದು. ವಿಗ್ರಹಗಳು ಭಗ್ನವಾದ್ದರಿಂದ ಅಲ್ಲಿ ಪೂಜೆಯಿಲ್ಲ. ಕೇಶವ, ಜನಾರ್ದನ, ವೇಣುಗೋಪಾಲ ಎಂದು ಮೂರು ಗರ್ಭಗುಡಿಗಳು, ನಡುವೆ ನವರಂಗ ಎಂಬ ಕಂಬಗಳ ಮಂಟಪ, ಹೊರಗೆ ನಕ್ಷತ್ರಾಕಾರದ ಜಗತಿ, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆ. ಜಗತಿಯ ಮೇಲೆ ಬಲಕ್ಕೆ ಗೋಡೆಯಿಟ್ಟುಕೊಂಡು ಒಂದು ಸುತ್ತು ಬಂದರೆ ಪ್ರದಕ್ಷಿಣೆ ಏನೆಂದು ಕಾಲಿಗೇ ಗೊತ್ತಾಗುತ್ತದೆ. ಹಂಪಿಯಲ್ಲಿ ಎರಡೂ ಬಗೆ ಒಂದೇ ಊರಿನಲ್ಲಿವೆ: ವಿಜಯ ವಿಠ್ಠಲದಲ್ಲಿ ಪೂಜೆಯಿಲ್ಲ, ವಿರೂಪಾಕ್ಷನಿಗೆ ಇವತ್ತಿಗೂ ನಿತ್ಯಪೂಜೆ.

ಇಲ್ಲೊಂದು ತಪ್ಪು ಸಾಮಾನ್ಯ. ಪುರಾತತ್ವ ಇಲಾಖೆಯ ನೀಲಿ ಫಲಕ ಕಂಡ ಕೂಡಲೇ ಇದು ಸ್ಮಾರಕ, ಮ್ಯೂಸಿಯಂ ಎಂದುಕೊಂಡುಬಿಡುತ್ತಾರೆ. ಬೇಲೂರಿನ ಚೆನ್ನಕೇಶವ ಸಂರಕ್ಷಿತ ಸ್ಮಾರಕ. ಹಳೇಬೀಡು, ಸೋಮನಾಥಪುರದ ಜೊತೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದೆ. ಆದರೂ ವಿಷ್ಣುವರ್ಧನನ ಕಾಲದಲ್ಲಿ 1117ರಲ್ಲಿ ಪ್ರತಿಷ್ಠೆಯಾದ ದೇವರಿಗೆ ದಿನವೂ ಪೂಜೆ ನಡೆಯುತ್ತದೆ. ಅಲ್ಲಿ ಶಿಲ್ಪ ನೋಡುತ್ತಾ ಗರ್ಭಗುಡಿಯ ಎದುರು ಬಂದಾಗ ಗೈಡ್ ಧ್ವನಿ ತಗ್ಗಿಸುತ್ತಾನೆ. ನೀವೂ ತಗ್ಗಿಸಿ.

ದಿನ, ಹೊತ್ತು

ದೇವಸ್ಥಾನಗಳು ಬೆಳಗ್ಗೆ ಬೇಗ ತೆರೆಯುತ್ತವೆ. ಮಧ್ಯಾಹ್ನದ ಪೂಜೆ ಮುಗಿದ ಮೇಲೆ ಸಾಮಾನ್ಯವಾಗಿ ಹನ್ನೆರಡೂವರೆ, ಒಂದರ ಹೊತ್ತಿಗೆ ಬಾಗಿಲು ಹಾಕಿ ಮತ್ತೆ ಸಂಜೆ ನಾಲ್ಕು, ಐದಕ್ಕೆ ತೆರೆದು, ರಾತ್ರಿ ಎಂಟು, ಎಂಟೂವರೆಗೆ ಮುಚ್ಚುತ್ತವೆ. ಮಧ್ಯಾಹ್ನ ಎರಡಕ್ಕೆ ಬಂದು ಬೀಗ ನೋಡಿ ಹೋಗುವವರು ಎಲ್ಲ ಊರಲ್ಲೂ ಇದ್ದಾರೆ.

ಜನ ಕಡಿಮೆ ಇರುವ ದಿನ ಬೇಕಾದರೆ ಆ ದೇವರ ವಾರವನ್ನು ತಪ್ಪಿಸಿ. ಶಿವನಿಗೆ ಸೋಮವಾರ, ದೇವಿಗೆ ಮಂಗಳವಾರ ಮತ್ತು ಶುಕ್ರವಾರ, ರಾಘವೇಂದ್ರ ರಾಯರ ಮಠಕ್ಕೆ ಗುರುವಾರ, ವೆಂಕಟರಮಣ ಮತ್ತು ಆಂಜನೇಯನಿಗೆ ಶನಿವಾರ ಜನ ಹೆಚ್ಚು. ಗಣಪತಿಗೆ ಸಂಕಷ್ಟಿಯಂದು, ಶಿವನಿಗೆ ಪ್ರದೋಷದ ಸಂಜೆ, ವಿಷ್ಣುವಿಗೆ ಏಕಾದಶಿಯಂದು ಸಾಲು ಉದ್ದ. ಗ್ರಹಣದ ದಿನ ಬಹುತೇಕ ಎಲ್ಲವೂ ಮುಚ್ಚಿರುತ್ತವೆ, ಶ್ರೀಕಾಳಹಸ್ತಿಯಂಥ ಕೆಲವು ಮಾತ್ರ ಗ್ರಹಣದಲ್ಲೂ ತೆರೆದಿರುತ್ತವೆ. ವಾರದ ನಡುವಿನ ಒಂದು ಸಾಧಾರಣ ದಿನ, ಬೆಳಗ್ಗೆ ಏಳರಿಂದ ಒಂಬತ್ತರೊಳಗೆ ಹೋದರೆ ಎಲ್ಲವೂ ಸಿಗುತ್ತದೆ: ಅಭಿಷೇಕವೋ ಅಲಂಕಾರವೋ ನಡೆಯುತ್ತಿರುತ್ತದೆ, ನಿಂತು ನೋಡಲು ಜಾಗವಿರುತ್ತದೆ, ಕಲ್ಲು ಬಿಸಿಯಾಗಿರುವುದಿಲ್ಲ.

ಉಡುಪು ಮತ್ತು ಚೀಲ

ಮೊಣಕಾಲು, ಭುಜ ಮುಚ್ಚುವ ಬಟ್ಟೆ ಎಲ್ಲ ಕಡೆಯೂ ಸರಿ. ಚಡ್ಡಿ, ತೋಳಿಲ್ಲದ ಅಂಗಿ, ಹರಿದ ಜೀನ್ಸ್ ಬೇಡ. ಕರಾವಳಿಯ ಮತ್ತು ಕೇರಳದ ಅನೇಕ ದೇವಸ್ಥಾನಗಳಲ್ಲಿ ಗಂಡಸರು ಅಂಗಿ, ಬನಿಯನ್ ಎರಡನ್ನೂ ತೆಗೆಯಬೇಕು. ಉಡುಪಿ, ಧರ್ಮಸ್ಥಳ, ಕೊಲ್ಲೂರುಗಳಲ್ಲಿ ಈ ಕ್ರಮವಿದೆ. ಸಂಕೋಚವಾಗುವವರು ಒಂದು ಶಲ್ಯ ತಂದುಕೊಂಡು ಹೊದೆಯಬಹುದು, ಅದಕ್ಕೆ ಸಾಮಾನ್ಯವಾಗಿ ಆಕ್ಷೇಪಣೆಯಿಲ್ಲ. ಹೆಂಗಸರಿಗೆ ಸೀರೆ ಅಥವಾ ದುಪ್ಪಟ್ಟಾ ಇರುವ ಚೂಡಿದಾರ. ಕೂದಲು ಬಿಟ್ಟುಕೊಂಡು ಹೋಗುವುದನ್ನು ಹಿರಿಯರು ಒಪ್ಪುವುದಿಲ್ಲ, ಕಟ್ಟಿಕೊಳ್ಳಿ. ದೀಪಗಳ ನಡುವೆ ಓಡಾಡುವಾಗ ಅದು ಸುರಕ್ಷಿತವೂ ಹೌದು. ತಲೆಗೆ ಹಾಕಿದ ಹಿಜಾಬ್ ಅಥವಾ ಸ್ಕಾರ್ಫ್ ಬಗ್ಗೆ ಒಂದೇ ನಿಯಮ ಎಲ್ಲ ಕಡೆಗೂ ಇಲ್ಲ, ಕಚೇರಿಯಲ್ಲಿ ಮೊದಲೇ ಕೇಳಿಕೊಂಡರೆ ಬಾಗಿಲಲ್ಲಿ ಮಾತು ಬೆಳೆಯುವುದಿಲ್ಲ. ಟೋಪಿ, ಕ್ಯಾಪ್ ಮಾತ್ರ ಎಲ್ಲ ಕಡೆ ತೆಗೆಯಬೇಕು. ಕೊರಳಿನ ಶಿಲುಬೆಯನ್ನು ಯಾರೂ ತೆಗೆಸುವುದಿಲ್ಲ. ಅಂಗಿ ತೆಗೆದಾಗ ಎದ್ದು ಕಾಣುತ್ತದೆ ಎಂಬುದು ನೆನಪಿರಲಿ.

ಕೆಲವು ಕ್ಷೇತ್ರಗಳಲ್ಲಿ ಚರ್ಮದ ಬೆಲ್ಟು, ಪರ್ಸನ್ನೂ ಹೊರಗಿಡಿಸುತ್ತಾರೆ. ಅದಕ್ಕೆ ಬಟ್ಟೆಯ ಚೀಲ, ಸ್ವಲ್ಪ ಚಿಲ್ಲರೆ ಇಷ್ಟೇ ಇಟ್ಟುಕೊಂಡರೆ ಅನುಕೂಲ. ಮೊಬೈಲಿನದು ಈಗ ದೊಡ್ಡ ವಿಷಯ. ಮದ್ರಾಸ್ ಹೈಕೋರ್ಟ್ 2022ರ ಡಿಸೆಂಬರಿನಲ್ಲಿ ತಮಿಳುನಾಡಿನ ದೇವಸ್ಥಾನಗಳೊಳಗೆ ಮೊಬೈಲ್ ನಿಷೇಧಿಸಲು ಹೇಳಿತು. ಕರ್ನಾಟಕದ ಮುಜರಾಯಿ ಇಲಾಖೆಯೂ 2023ರಲ್ಲಿ ತನ್ನ ದೇವಸ್ಥಾನಗಳಲ್ಲಿ ಬಳಕೆಗೆ ನಿಷೇಧ ಹೇರಿತು. ದೆಹಲಿಯ ಅಕ್ಷರಧಾಮದಲ್ಲಿ ಫೋನನ್ನು ಹೊರಗೇ ಕೊಟ್ಟು ಹೋಗಬೇಕು. ಗುಂಪಿನಲ್ಲಿ ಬಂದವರು ಒಳಗೆ ಬೇರೆಯಾದರೆ ಒಬ್ಬರನ್ನೊಬ್ಬರು ಹುಡುಕುವುದು ಕಷ್ಟ. ಎಲ್ಲಿ, ಎಷ್ಟು ಹೊತ್ತಿಗೆ ಸೇರುವುದು ಎಂದು ಮೊದಲೇ ಮಾತಾಡಿಕೊಳ್ಳಿ.

ಚಪ್ಪಲಿಯನ್ನು ಸ್ಟ್ಯಾಂಡಿನಲ್ಲಿ ಕೊಟ್ಟು ಟೋಕನ್ ತೆಗೆದುಕೊಳ್ಳಿ. ಗೋಪುರದ ಬಾಗಿಲಲ್ಲೇ ಬಿಟ್ಟ ಚಪ್ಪಲಿ ಕಾಲಿಗೆ ಸಿಕ್ಕಿ ಎಲ್ಲಿಗೋ ಹೋಗುತ್ತದೆ. ಸಾಕ್ಸ್ ಹಾಕಿಕೊಂಡೇ ಒಳಗೆ ಹೋಗುವವರಿದ್ದಾರೆ. ಎಣ್ಣೆ ಬಿದ್ದ ಕಲ್ಲಿನ ಮೇಲೆ ಸಾಕ್ಸ್ ಜಾರುತ್ತದೆ, ತೆಗೆದುಬಿಡುವುದೇ ಕ್ಷೇಮ. ನಲ್ಲಿಯಿದ್ದರೆ ಕಾಲು ತೊಳೆದುಕೊಂಡು ಹೋಗಿ. ಬೇಸಿಗೆಯ ಹಗಲಿನಲ್ಲಿ ಪ್ರಾಕಾರದ ಚಪ್ಪಡಿ ಕಾದ ಕಾವಲಿಯಾಗಿರುತ್ತದೆ. ಬಿಳಿ ಬಣ್ಣ ಬಳಿದ ಅಥವಾ ನಾರಿನ ಚಾಪೆ ಹಾಸಿದ ದಾರಿಯನ್ನು ಬಿಟ್ಟು ಇಳಿಯಬೇಡಿ.

ಹಣ್ಣು, ಕಾಯಿ, ಹೂವು ಒಯ್ಯುವುದು ಕಡ್ಡಾಯವಲ್ಲ. ಬರಿಗೈಯಲ್ಲಿ ಹೋದರೆ ಯಾರೂ ಏನೂ ಅನ್ನುವುದಿಲ್ಲ. ಒಯ್ಯುವುದಾದರೆ ಹೂವನ್ನು ಮೂಸಬೇಡಿ. ಮೂಸಿದ ಹೂ ದೇವರಿಗೆ ಏರಿಸುವುದಿಲ್ಲ.

ಒಳಗೆ ಹೆಜ್ಜೆ ಹೆಜ್ಜೆಯಾಗಿ

ಗೋಪುರದ ಕೆಳಗಿನ ಹೊಸ್ತಿಲನ್ನು ತುಳಿಯದೆ ದಾಟಿ, ಬಲಗಾಲು ಮುಂದಿಟ್ಟು. ಜನ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಕಾಣುತ್ತದೆ. ನೀವು ಹಾಗೆ ಮಾಡಬೇಕಿಲ್ಲ, ಮೇಲೆ ನಿಲ್ಲದಿದ್ದರೆ ಸಾಕು.

ಒಳಗೆ ಮೊದಲು ಸಿಗುವುದು ಧ್ವಜಸ್ತಂಭ ಮತ್ತು ಬಲಿಪೀಠ. ಬಲಿಪೀಠ ಕಮಲದಂತೆ ಕೆತ್ತಿದ ಗಿಡ್ಡ ಕಲ್ಲು. ಕೂರಲು ಅನುಕೂಲವಾಗಿ ಕಾಣುತ್ತದೆ, ಅಲ್ಲಿ ಕೂರಬಾರದು, ಚೀಲವನ್ನೂ ಇಡಬಾರದು. ದೇವರ ಪರಿವಾರಕ್ಕೆ ಬಲಿ ಅನ್ನ ಇಡುವ ಜಾಗ ಅದು. ಭಕ್ತರು ಉದ್ದಂಡ ನಮಸ್ಕಾರ ಮಾಡುವುದು ಧ್ವಜಸ್ತಂಭದ ಬಳಿ. ನಮಸ್ಕಾರ ಮಾಡುತ್ತಿರುವವರ ತಲೆಯ ಮುಂದಿನಿಂದ ಹಾಯ್ದು ಹೋಗಬೇಡಿ, ಎದ್ದೇಳುವವರೆಗೆ ನಿಲ್ಲಿ ಅಥವಾ ಹಿಂದಿನಿಂದ ಬನ್ನಿ.

ಅದರಾಚೆ ದೇವರ ವಾಹನ: ಶಿವನ ಎದುರು ನಂದಿ, ವಿಷ್ಣುವಿನ ಎದುರು ಗರುಡ, ಗಣಪತಿಯ ಎದುರು ಇಲಿ. ಒಳಗೆ ಯಾವ ದೇವರಿದ್ದಾನೆ ಎಂದು ಯಾರನ್ನೂ ಕೇಳದೆ ತಿಳಿಯುವ ಸುಲಭ ಗುರುತು ಇದೇ. ವಾಹನ ಯಾವಾಗಲೂ ದೇವರ ಕಡೆಗೇ ಮುಖ ಮಾಡಿರುತ್ತದೆ. ಈ ಎರಡರ ನಡುವೆ ನಿಲ್ಲುವುದು, ಅಡ್ಡ ದಾಟುವುದು ಸರಿಯಲ್ಲ ಎಂದು ಭಕ್ತರು ಭಾವಿಸುತ್ತಾರೆ. ಮೊದಲ ಸಲ ಬಂದವರು ಹೆಚ್ಚಾಗಿ ಎಡವುವುದು ಇಲ್ಲೇ, ಏಕೆಂದರೆ ಗರ್ಭಗುಡಿ ಚೆನ್ನಾಗಿ ಕಾಣುವ ಜಾಗವೂ ಅದೇ. ಒಂದು ಹೆಜ್ಜೆ ಪಕ್ಕಕ್ಕೆ ನಿಂತರೆ ಆಯಿತು.

ಮುಂದೆ ಕಂಬಗಳ ನವರಂಗ, ಅದರಾಚೆ ಸುಕನಾಸಿ ಎಂಬ ಇಕ್ಕಟ್ಟಾದ ಕಿರುಕೋಣೆ, ಕೊನೆಗೆ ಕತ್ತಲಿನ ಗರ್ಭಗುಡಿ. ಗರ್ಭಗುಡಿಯೊಳಗೆ ಅರ್ಚಕರಿಗೆ ಮಾತ್ರ ಪ್ರವೇಶ ಎಂಬುದು ದಕ್ಷಿಣದ ಹೆಚ್ಚಿನ ದೇವಾಲಯಗಳ ನಿಯಮ. ನಿಮ್ಮನ್ನು ಹೊಸ್ತಿಲಲ್ಲಿ ತಡೆದರೆ ಅದು ನೀವು ಅನ್ಯಧರ್ಮದವರೆಂದಲ್ಲ. ಪಕ್ಕದಲ್ಲಿ ನಿಂತಿರುವ ದಿನನಿತ್ಯದ ಭಕ್ತರಿಗೂ ಅಲ್ಲಿಂದ ಮುಂದೆ ದಾರಿಯಿಲ್ಲ. ಉಡುಪಿಯಲ್ಲಂತೂ ಎಲ್ಲರೂ ಕೃಷ್ಣನನ್ನು ನೋಡುವುದು ಒಂಬತ್ತು ತೂತುಗಳ ನವಗ್ರಹ ಕಿಂಡಿಯಿಂದಲೇ.

ಗಂಟೆಯನ್ನು ಒಳಬರುವಾಗ ಒಮ್ಮೆ ಮೆಲ್ಲಗೆ ಬಾರಿಸುವುದು ವಾಡಿಕೆ. ಬಾರಿಸದಿದ್ದರೂ ಸರಿ. ಮಕ್ಕಳು ಅದಕ್ಕೆ ಜೋತುಬೀಳುತ್ತಾರೆ, ಸ್ವಲ್ಪ ಗಮನವಿರಲಿ. ಮಂಗಳಾರತಿಯ ಹೊತ್ತಿನಲ್ಲಿ ಗಂಟೆ, ಜಾಗಟೆ, ಕೆಲವೆಡೆ ಯಂತ್ರದ ನಗಾರಿ ಒಟ್ಟಿಗೆ ಶುರುವಾಗುತ್ತವೆ. ಹಸುಗೂಸು ಇದ್ದವರು ಆ ಹೊತ್ತಿಗೆ ಪ್ರಾಕಾರದಲ್ಲಿರುವುದು ವಾಸಿ.

ಗರ್ಭಗುಡಿಯ ಎದುರು

ಇಲ್ಲಿ ಒಂದು ತೆರೆ ಎಳೆದಿದ್ದರೆ ಅಥವಾ ಬಾಗಿಲು ಮುಂದೆ ಮಾಡಿದ್ದರೆ ದರ್ಶನ ಮುಗಿಯಿತೆಂದು ಹೊರಡಬೇಡಿ. ಒಳಗೆ ನೈವೇದ್ಯವೋ ಅಲಂಕಾರವೋ ನಡೆಯುತ್ತಿರುತ್ತದೆ. ನೈವೇದ್ಯವಾದರೆ ಸ್ವಲ್ಪ ಹೊತ್ತಿನಲ್ಲೇ ತೆರೆ ಸರಿಯುತ್ತದೆ, ಒಡನೆ ಮಂಗಳಾರತಿ. ದಿನದಲ್ಲಿ ನೋಡಲೇಬೇಕಾದ ಗಳಿಗೆ ಅದು. ಅಲ್ಲಿಯವರೆಗೆ ಎಣ್ಣೆದೀಪದ ಬೆಳಕಿನಲ್ಲಿ ಮಸುಕಾಗಿದ್ದ ವಿಗ್ರಹ ಕರ್ಪೂರದ ಬೆಳಕಿನಲ್ಲಿ ಪಾದದಿಂದ ಮುಖದವರೆಗೆ ತುಸುತುಸುವೇ ಕಾಣುತ್ತದೆ. ಅರ್ಚಕರು ಆರತಿಯನ್ನು ಹಾಗೆ ಸುತ್ತುವುದೇ ಕಾಣಲೆಂದು.

ಆರತಿಯ ತಟ್ಟೆ ಆಮೇಲೆ ನಿಮ್ಮತ್ತ ಬರುತ್ತದೆ. ತೆಗೆದುಕೊಳ್ಳುವವರು ಎರಡೂ ಅಂಗೈಗಳನ್ನು ಉರಿಯ ಮೇಲೆ ಒಂದು ಕ್ಷಣ ಹಿಡಿದು ಕಣ್ಣಿಗೆ ಒತ್ತಿಕೊಳ್ಳಿ. ಹತ್ತಿರ ಬಗ್ಗುವಾಗ ದುಪ್ಪಟ್ಟಾ, ಶಲ್ಯದ ತುದಿ ಎಡಗೈಯಲ್ಲಿರಲಿ, ಸಿಂಥೆಟಿಕ್ ಬಟ್ಟೆಗೆ ಬೆಂಕಿ ತಗುಲಲು ಅರೆಗಳಿಗೆ ಸಾಕು. ಬೇಡವಾದವರು ಅರ್ಧ ಹೆಜ್ಜೆ ಹಿಂದೆ ಸರಿದು ಕೈಗಳನ್ನು ಮುಂದೆ ಕಟ್ಟಿಕೊಳ್ಳಿ, ತಟ್ಟೆ ತಾನಾಗಿ ಮುಂದಿನವರ ಕಡೆ ಹೋಗುತ್ತದೆ. ತಟ್ಟೆಗೆ ಕಾಸು ಹಾಕುವುದು ನಿಮ್ಮ ಇಷ್ಟ. ತಟ್ಟೆಗೆ ಹಾಕಿದ್ದು ಸಾಮಾನ್ಯವಾಗಿ ಅರ್ಚಕರಿಗೆ, ಹುಂಡಿಗೆ ಹಾಕಿದ್ದು ದೇವಸ್ಥಾನಕ್ಕೆ.

ನಂತರ ತೀರ್ಥ. ಹೊರಗಿನಿಂದ ಬಂದವರು ತಡಬಡಾಯಿಸುವುದು ಹೆಚ್ಚಾಗಿ ಇಲ್ಲಿ. ಉದ್ಧರಣೆ ಎಂಬ ಪುಟ್ಟ ಸೌಟಿನಲ್ಲಿ ಬರುವುದು ಒಂದು ಚಮಚದಷ್ಟು ನೀರು, ಅದರಲ್ಲಿ ತುಳಸಿ, ಪಚ್ಚಕರ್ಪೂರದ ಪರಿಮಳ. ಬಲ ಅಂಗೈಯನ್ನು ಹಳ್ಳ ಮಾಡಿ, ತೋರುಬೆರಳನ್ನು ಸ್ವಲ್ಪ ಮಡಚಿ, ಹೆಬ್ಬೆರಳನ್ನು ಅದಕ್ಕೆ ಒತ್ತಿ ಹಿಡಿದರೆ ಸಂದಿನಿಂದ ಸೋರುವುದಿಲ್ಲ. ಎಡಗೈ ಕೆಳಗಿರಲಿ. ಸದ್ದಿಲ್ಲದೆ ಕುಡಿದು, ಒದ್ದೆ ಕೈಯನ್ನು ತಲೆಗೆ ಸವರಿಕೊಳ್ಳುತ್ತಾರೆ. ಕೆಲವು ಕಡೆ ಮೂರು ಸಲ ಕೊಡುತ್ತಾರೆ, ಒಂದಕ್ಕೇ ಕೈ ಹಿಂತೆಗೆದುಕೊಳ್ಳಬೇಡಿ. ಅಭಿಷೇಕದ ದಿನ ನೀರಿನ ಬದಲು ಪಂಚಾಮೃತ ಬರಬಹುದು. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಸೇರಿದ್ದು ಅದು. ಹಾಲು ಆಗದವರು ಕೈ ಚಾಚುವ ಮೊದಲೇ ನೋಡಿಕೊಳ್ಳಿ. ತೀರ್ಥ ಬೇಡವಾದರೆ ಕೈ ಮುಗಿದು ತಲೆ ಸ್ವಲ್ಪ ಬಾಗಿಸಿ, ಅಷ್ಟೇ. ಮಾತು ಬೇಕಿಲ್ಲ. ಉಪವಾಸದಲ್ಲಿರುವವರೂ ಕೆಲವೊಮ್ಮೆ ಹೀಗೇ ಮಾಡುತ್ತಾರೆ, ಅರ್ಚಕರಿಗೆ ಇದು ಹೊಸದಲ್ಲ.

ಶ್ರೀವೈಷ್ಣವ ದೇವಾಲಯಗಳಲ್ಲಿ, ಮೇಲುಕೋಟೆಯಂಥ ಕಡೆ, ಕಿರೀಟದ ಹಾಗಿರುವ ಒಂದು ಲೋಹದ ವಸ್ತುವನ್ನು ತಲೆಯ ಮೇಲೆ ಕ್ಷಣಕಾಲ ಇಡುತ್ತಾರೆ. ಅದು ಶಠಾರಿ, ಮೇಲೆ ವಿಷ್ಣುವಿನ ಪಾದಗಳಿರುತ್ತವೆ. ತೀರ್ಥದ ಹಿಂದೆಯೇ ಇದು ಬರುವುದರಿಂದ ಯೋಚಿಸಲು ಸಮಯ ಸಿಗುವುದಿಲ್ಲ. ಬೇಡ ಎನ್ನುವವರು ಸಾಲಿನಿಂದ ಮೊದಲೇ ಪಕ್ಕಕ್ಕೆ ಬರಬೇಕು.

ಕುಂಕುಮ, ಗಂಧ, ವಿಭೂತಿಯನ್ನು ಬಲ ಅಂಗೈಗೆ ಹಾಕುತ್ತಾರೆ. ಹಚ್ಚಿಕೊಂಡು ಉಳಿದದ್ದನ್ನು ಕಾಗದದ ಚೂರಿನಲ್ಲಿ ಕಟ್ಟಿಕೊಳ್ಳಿ. ಕಂಬಕ್ಕೆ ಒರೆಸಬೇಡಿ. ಭಕ್ತರೇ ಒರೆಸಿರುವುದು ಕಾಣುತ್ತದೆ ನಿಜ, ಆದರೆ ಎಂಟುನೂರು, ಒಂಬತ್ತುನೂರು ವರ್ಷದ ಕಂಬ ಅದರಿಂದ ಹಾಳಾಗುತ್ತಿದೆ.

ಅರ್ಚಕರು ಇದನ್ನೆಲ್ಲ ಕೈಗೆ ತಾಗದಂತೆ ಮೇಲಿನಿಂದ ಹಾಕುವುದನ್ನು ನೋಡಿ ನೊಂದುಕೊಂಡವರಿದ್ದಾರೆ. ನನ್ನನ್ನು ಮುಟ್ಟಲು ಹೇಸಿದರು ಎಂದುಕೊಳ್ಳುತ್ತಾರೆ. ಪೂಜೆಯ ಹೊತ್ತಿನಲ್ಲಿ ಅರ್ಚಕರು ಮಡಿಯಲ್ಲಿರುತ್ತಾರೆ, ಸ್ನಾನ ಮಾಡಿ ಬೇರೆಯಾಗಿ ಒಣಗಿಸಿದ ಬಟ್ಟೆ ಉಟ್ಟಿರುತ್ತಾರೆ, ಪೂಜೆ ಮುಗಿಯುವವರೆಗೆ ಸ್ವಂತ ಮಕ್ಕಳನ್ನೂ ಮುಟ್ಟುವುದಿಲ್ಲ. ಸಾಲಿನಲ್ಲಿ ನಿಮ್ಮ ಹಿಂದೆ ಮುಂದೆ ಇರುವವರಿಗೂ ಹಾಗೇ ಹಾಕುತ್ತಾರೆ, ಗಮನಿಸಿ. ಕೈಕುಲುಕಲು ಹೋಗಬೇಡಿ, ಹಣವನ್ನು ಕೈಗೆ ಕೊಡಬೇಡಿ, ತಟ್ಟೆಯಲ್ಲಿಡಿ.

ಅರ್ಚನೆ, ಅಂದರೆ ಒಬ್ಬರ ಹೆಸರಿನಲ್ಲಿ ಮಾಡುವ ಪೂಜೆ, ಮಾಡಿಸುವವರನ್ನು ಹೆಸರು, ನಕ್ಷತ್ರ, ಗೋತ್ರ ಕೇಳುತ್ತಾರೆ. ನಿಮಗೆ ಅರ್ಚನೆ ಮಾಡಿಸುವ ಅಗತ್ಯವಿಲ್ಲ. ಸ್ನೇಹಿತರ ಕ್ಷೇಮಕ್ಕೆಂದು ಮಾಡಿಸುವ ಮನಸ್ಸಿದ್ದರೆ ಅವರ ಹೆಸರು ಹೇಳಿದರೆ ಸಾಕು. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರವೆಂದು ಹೇಳಿ ಮುಂದುವರಿಸುವುದು ರೂಢಿ. ಸೇವೆಯ ಚೀಟಿಯನ್ನು ಕೌಂಟರಿನಲ್ಲೇ ರಸೀದಿ ಸಮೇತ ಪಡೆಯಿರಿ. ಬಾಗಿಲಲ್ಲಿ ಹಿಂಬಾಲಿಸಿ ಬಂದು ವಿಶೇಷ ಪೂಜೆ ಮಾಡಿಸುತ್ತೇನೆ ಎನ್ನುವವರಿಗೆ ದೇವಸ್ಥಾನದ ಜೊತೆ ಸಂಬಂಧವಿರುವುದು ಅಪರೂಪ.

ಹಿಂದೆ ಸಾಲಿದ್ದರೆ ಅರ್ಧ ನಿಮಿಷಕ್ಕಿಂತ ಹೆಚ್ಚು ಎದುರು ನಿಲ್ಲಬೇಡಿ. ನೋಡಬೇಕೆನಿಸಿದರೆ ಪಕ್ಕದ ಕಂಬದ ಬಳಿ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಹೊರಡುವಾಗ ಎರಡು ಹೆಜ್ಜೆ ಹಿಂದೆ ನಡೆದು ಆಮೇಲೆ ತಿರುಗಿದರೆ ಚೆನ್ನ.

ಪ್ರದಕ್ಷಿಣೆ

ಗರ್ಭಗುಡಿ ಸದಾ ನಿಮ್ಮ ಬಲಕ್ಕಿರುವಂತೆ ಸುತ್ತಬೇಕು. ಎದುರಿನಿಂದ ಬಂದರೆ ಎಲ್ಲರಿಗೂ ಡಿಕ್ಕಿ. ಸಂಖ್ಯೆಯ ಲೆಕ್ಕ ಒಂದೊಂದು ಸಂಪ್ರದಾಯದಲ್ಲಿ ಒಂದೊಂದು ಥರ, ನಿಮಗೆ ಒಂದು ಸುತ್ತು ಸಾಕು. ಶಿವಾಲಯದಲ್ಲಿ ಮಾತ್ರ ಕೆಲವರು ಅರ್ಧಕ್ಕೆ ನಿಂತು ವಾಪಸಾಗುವುದು ಕಾಣುತ್ತದೆ. ಲಿಂಗಕ್ಕೆ ಅಭಿಷೇಕ ಮಾಡಿದ ನೀರು ಹೊರಬರುವ ಕಲ್ಲಿನ ದೋಣಿ, ಅಂದರೆ ಸೋಮಸೂತ್ರ, ಸಾಮಾನ್ಯವಾಗಿ ಗುಡಿಯ ಉತ್ತರಕ್ಕಿರುತ್ತದೆ. ಅದನ್ನು ದಾಟುವುದಿಲ್ಲ. ಅಲ್ಲಿಯವರೆಗೆ ಹೋಗಿ ಬಂದ ದಾರಿಯಲ್ಲೇ ತಿರುಗುತ್ತಾರೆ. ಸುತ್ತುವಾಗ ಸಿಗುವ ನಾಗರಕಲ್ಲು, ನವಗ್ರಹಗಳನ್ನು ಮುಟ್ಟದೆ ನೋಡಿ. ಗೋಡೆಯ ಶಿಲ್ಪವನ್ನೂ ಕೈಯಿಂದ ಸವರಬೇಡಿ, ಬೆವರು ಎಣ್ಣೆ ಅಂಟಿ ಕಲ್ಲು ಕಪ್ಪಾಗುತ್ತದೆ. ದೀಪದ ಕಂಬ, ಎಳ್ಳುಬತ್ತಿ ಹಚ್ಚುವ ಕಡೆ ನೆಲ ಜಾರುತ್ತದೆ. ಈಡುಗಾಯಿ ಒಡೆಯುವ ಕಲ್ಲಿನ ಸುತ್ತ ಚಿಪ್ಪಿನ ಚೂರುಗಳಿರುತ್ತವೆ, ಬರಿಗಾಲು.

ಪ್ರಸಾದ, ಊಟ

ದೇವರಿಗೆ ನೈವೇದ್ಯ ಮಾಡಿದ್ದನ್ನು ತಿನ್ನುವುದು ತಮ್ಮ ಧರ್ಮದಲ್ಲಿ ನಿಷಿದ್ಧ ಎನ್ನುವವರು ಸಂಕೋಚವಿಲ್ಲದೆ ಬೇಡ ಎನ್ನಬಹುದು. ಕೈಗೆ ಬಂದೇಬಿಟ್ಟರೆ ಜೊತೆಗಿರುವ ಭಕ್ತರಿಗೆ ಕೊಟ್ಟುಬಿಡಿ, ಸಂತೋಷದಿಂದ ತೆಗೆದುಕೊಳ್ಳುತ್ತಾರೆ. ಕಸದ ಬುಟ್ಟಿಗೆ ಹಾಕುವುದು, ಮೆಟ್ಟಿಲ ಮೇಲೆ ಬಿಟ್ಟುಹೋಗುವುದು ಮಾತ್ರ ಬೇಡ. ತಿನ್ನುವವರು ಬಲಗೈಯಲ್ಲಿ ತೆಗೆದುಕೊಂಡು ಹೊರಗೆ ಬಂದು ಕೂತು ತಿನ್ನಿ. ಪಂಚಕಜ್ಜಾಯದಲ್ಲಿ ಕಡಲೆ, ಬೆಲ್ಲ, ಕೊಬ್ಬರಿ, ಎಳ್ಳು, ತುಪ್ಪ ಇರುತ್ತವೆ. ಎಳ್ಳಿನ ಅಲರ್ಜಿಯವರಿಗೆ ಇದು ಗೊತ್ತಿರಲಿ.

ಅನ್ನಸಂತರ್ಪಣೆ ಇರುವ ಕಡೆ ಉಂಡು ಬರುವುದು ಒಳ್ಳೆಯ ಅನುಭವ. ಪಂಕ್ತಿಯಲ್ಲಿ ನೆಲಕ್ಕೆ ಕೂತು, ಬಡಿಸುವುದು ಮುಗಿದು ಪಕ್ಕದವರು ಶುರುಮಾಡುವವರೆಗೆ ಕಾಯಿರಿ. ಬೇಡವಾದದ್ದಕ್ಕೆ ಬಡಿಸುವ ಮೊದಲೇ ಎಲೆಯ ಮೇಲೆ ಕೈ ಅಡ್ಡ ಹಿಡಿಯಿರಿ. ಎಲೆಯಲ್ಲಿ ಬಿಟ್ಟು ಏಳುವುದು, ಪಂಕ್ತಿಯ ನಡುವೆ ಒಬ್ಬರೇ ಎದ್ದುಹೋಗುವುದು ಸರಿ ಕಾಣುವುದಿಲ್ಲ. ನೆಲಕ್ಕೆ ಕೂರಲಾಗದವರಿಗೆ ಕುರ್ಚಿಯ ಸಾಲು ಇರುತ್ತದೆಯೇ ಕೇಳಿ, ಈಗ ಅನೇಕ ಕಡೆ ಇದೆ.

ಚಿತ್ರ, ಪ್ರಶ್ನೆಗಳು, ಹೊರಡುವುದು

ಗರ್ಭಗುಡಿಯ ಫೋಟೊ ತೆಗೆಯಬೇಡಿ. ಫಲಕವಿಲ್ಲದಿದ್ದರೂ ತೆಗೆಯಬೇಡಿ. ಕಣ್ಣುಮುಚ್ಚಿ ಪ್ರಾರ್ಥಿಸುತ್ತಿರುವವರ ಚಿತ್ರವನ್ನು ಕೇಳದೆ ತೆಗೆಯುವುದು ಅದಕ್ಕಿಂತ ಕೆಟ್ಟದ್ದು. ಹೊರಗೋಡೆಯ ಶಿಲ್ಪಗಳಿಗೆ ಹೆಚ್ಚಾಗಿ ಅಡ್ಡಿಯಿಲ್ಲ, ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು.

ಪ್ರಶ್ನೆಗಳು ಬೇಕಾದಷ್ಟು ಇರುತ್ತವೆ, ಇರಲೂಬೇಕು. ಪೂಜೆ ನಡೆಯುವಾಗ ಅರ್ಚಕರನ್ನು ಕೇಳಬೇಡಿ, ಮಂತ್ರದ ನಡುವೆ ಅವರು ಮಾತಾಡುವಂತಿಲ್ಲ. ದರ್ಶನ ಮುಗಿದ ಮೇಲೆ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತು ಹೋಗುವುದು ಎಲ್ಲರ ರೂಢಿ. ಕಾಲನ್ನು ಗರ್ಭಗುಡಿಯ ಕಡೆ ಚಾಚದೆ ನೀವೂ ಕೂರಿ. ಪಕ್ಕದಲ್ಲಿ ದಿನಾ ಬರುವ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ನಾನು ಬೇರೆ ಧರ್ಮದವನು, ತಿಳಿದುಕೊಳ್ಳಲು ಬಂದೆ ಎಂದು ನೇರವಾಗಿ ಹೇಳಿ ಮಾತು ಶುರುಮಾಡಿ. ಎಷ್ಟು ದೇವರು, ಯಾವುದು ನಿಜ ಎಂಬ ಚರ್ಚೆ ಅಲ್ಲಿ ಬೇಡ. ಇವತ್ತು ದೇವರಿಗೆ ಈ ಅಲಂಕಾರ ಯಾಕೆ? ಮೂಲವಿಗ್ರಹದ ಮುಂದಿರುವ ಚಿಕ್ಕ ಲೋಹದ ಮೂರ್ತಿ ಯಾವುದು? ತೇರು ಯಾವ ತಿಂಗಳು? ಇಂಥ ಪ್ರಶ್ನೆಗೆ ಒಂದು ಗಂಟೆಯ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಉತ್ತರ ಇಲ್ಲೇ ಹೇಳಬಹುದು: ಅದು ಉತ್ಸವಮೂರ್ತಿ. ಮೂಲವಿಗ್ರಹ ಕದಲುವುದಿಲ್ಲ, ಹಬ್ಬದಲ್ಲಿ ಪಲ್ಲಕ್ಕಿ, ತೇರು ಏರಿ ಊರು ಸುತ್ತುವುದು ಇದೇ.

ಭಾರತದ ಹೊರಗಿನ ದೇವಸ್ಥಾನಗಳಲ್ಲಿ ಇಷ್ಟೊಂದು ಬಿಗಿ ಇರುವುದಿಲ್ಲ. ಲಂಡನ್ನಿನ ನೀಸ್ಡನ್‌ನಲ್ಲಿ 1995ರಲ್ಲಿ ತೆರೆದ ಸ್ವಾಮಿನಾರಾಯಣ ಮಂದಿರಕ್ಕೆ ಎಲ್ಲ ಧರ್ಮದವರೂ ಬರುತ್ತಾರೆ. ಗಂಡಸರು ಹೆಂಗಸರು ಬೇರೆ ಬೇರೆ ಕೂರುವುದು ಆ ಸಂಪ್ರದಾಯದ ಕ್ರಮ, ದಂಪತಿ ಗಾಬರಿಯಾಗಬೇಕಿಲ್ಲ.

ಹೊರಡುವಾಗ ಗಂಟೆ ಬಾರಿಸುವುದಿಲ್ಲ. ಕೈಯಲ್ಲಿ ಉಳಿದ ಹೂವು, ತುಳಸಿ, ಬಿಲ್ವವನ್ನು ಮನೆಗೆ ಒಯ್ಯುವ ಮನಸ್ಸಿಲ್ಲದಿದ್ದರೆ ಆವರಣದ ಗಿಡದ ಬುಡಕ್ಕೆ ಅಥವಾ ನಿರ್ಮಾಲ್ಯ ಹಾಕುವ ತೊಟ್ಟಿಗೆ ಹಾಕಿ. ಕಾಲಿಗೆ ಸಿಗುವ ಕಡೆ ಬೇಡ. ದೊಡ್ಡ ಕ್ಷೇತ್ರಗಳಲ್ಲಿ ಒಳಬಾಗಿಲು ಒಂದು ಕಡೆ, ಹೊರಬಾಗಿಲು ಇನ್ನೊಂದು ಕಡೆ ಇರುತ್ತದೆ. ಚಪ್ಪಲಿ, ಮೊಬೈಲ್ ಕೊಟ್ಟ ಕೌಂಟರು ಯಾವ ಗೋಪುರದ ಬಳಿ ಇತ್ತು ಎಂದು ಒಳಗೆ ಹೋಗುವಾಗಲೇ ನೋಡಿಟ್ಟುಕೊಂಡರೆ ಬಿಸಿಲಲ್ಲಿ ಬರಿಗಾಲಲ್ಲಿ ಇಡೀ ಕೋಟೆ ಸುತ್ತುವುದು ತಪ್ಪುತ್ತದೆ.